ಜೀವಿಗೆ ಒಡೆಯನಾರು? ಚಕ್ರವರ್ತಿ ಉಳಿಸಿಹೋದ ಪ್ರಶ್ನೆ

ವಂಶವಾಹಿ ತಿದ್ದಿದ ದೇಶದ ಮೊದಲ ಕುರಿ ಜನಿಸಿದೆಯೆಂದು ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2025ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಮಾಂಸಖಂಡಗಳ ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟ್ಯಾಟಿನ್ ವಂಶವಾಹಿಯನ್ನು ಅದರಲ್ಲಿ ತಿದ್ದಲಾಗಿದೆ. ಸಾಧನೆ ಶ್ಲಾಘನೀಯವೇ. ಆದರೆ ಇಂತಹ ಕುರಿ ನಾಳೆ ಕುರಿಗಾಹಿಯ ಹಟ್ಟಿಗೆ ಬಂದರೆ ಅದರ ತಳಿಗುಣದ ಒಡೆತನ ಯಾರದು? ಜೀವಿಯ ಮೇಲಿನ ಒಡೆತನದ ಈ ಪ್ರಶ್ನೆಯನ್ನು ನ್ಯಾಯಾಲಯದ ಮೆಟ್ಟಿಲೇರಿಸಿದ ಕೀರ್ತಿ ಭಾರತೀಯ ಮೂಲದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿ ಅವರದು.

1938ರಲ್ಲಿ ಬಂಗಾಳದ ಸೈಂಥಿಯಾದಲ್ಲಿ ಜನಿಸಿದ ಚಕ್ರವರ್ತಿ, ಕಲ್ಕತ್ತಾ ವಿಶ್ವವಿದ್ಯಾಲಯದಿಂದ 1965ರಲ್ಲಿ ಡಾಕ್ಟರೇಟ್ ಪಡೆದು ಅಮೆರಿಕಕ್ಕೆ ತೆರಳಿದರು. ಅಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಕಚ್ಚಾತೈಲವನ್ನು ಕರಗಿಸುವ ಸೂಕ್ಷ್ಮಜೀವಿಗಳ ಸಂಶೋಧನೆ ಕೈಗೊಂಡರು. ತೈಲದ ಬೇರೆ ಬೇರೆ ಅಂಶಗಳನ್ನು ಅರಗಿಸುವ ಶಕ್ತಿ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಬೇರೆ ಬೇರೆ ತಳಿಗಳಲ್ಲಿತ್ತು. ಆ ಶಕ್ತಿಯನ್ನು ಹೊತ್ತ ನಾಲ್ಕು ಪ್ಲಾಸ್ಮಿಡ್‌ಗಳನ್ನು ಅವರು ಒಂದೇ ಜೀವಕೋಶದಲ್ಲಿ ಕೂಡಿಸಿದರು. ಒಂದರೊಡನೊಂದು ನೆಲೆಸಲೊಲ್ಲದ ಎರಡು ಪ್ಲಾಸ್ಮಿಡ್‌ಗಳನ್ನು ಅತಿನೇರಳೆ ಕಿರಣ ಹಾಯಿಸಿ ಬೆಸೆದದ್ದು ಈ ಕಾರ್ಯದ ಜೀವಾಳ.

1972ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಕೆಯಾಯಿತು. ವಿಧಾನಕ್ಕೆ ಹಕ್ಕು ನೀಡಲೊಪ್ಪಿದ ಕಚೇರಿ, ಜೀವಂತ ಬ್ಯಾಕ್ಟೀರಿಯಾಕ್ಕೆ ನೀಡಲು ನಿರಾಕರಿಸಿತು. ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆದು, 1980ರ ಜೂನ್ 16ರಂದು 5-4ರ ಬಹುಮತದ ತೀರ್ಪು ಚಕ್ರವರ್ತಿ ಅವರ ಪರವಾಗಿ ಬಂದಿತು. ಮನುಷ್ಯ ರೂಪಿಸಿದ್ದಾದರೆ, ಜೀವವಿದೆಯೆಂಬ ಒಂದೇ ಕಾರಣಕ್ಕೆ ಪೇಟೆಂಟ್ ನಿರಾಕರಿಸಲಾಗದು ಎಂಬುದು ಅದರ ಸಾರ. ಇಂತಹ ವಿಚಾರವನ್ನು ಶಾಸನಸಭೆಯೇ ನಿರ್ಧರಿಸಬೇಕೆಂಬುದು ಭಿನ್ನಮತದ ನ್ಯಾಯಮೂರ್ತಿಗಳ ನಿಲುವಾಗಿತ್ತು.

ವಿಪರ್ಯಾಸವೆಂದರೆ, ಆ ಬ್ಯಾಕ್ಟೀರಿಯಾ ಸಮುದ್ರದ ತೈಲ ತೊಳೆಯಲು ಎಂದೂ ಬಳಕೆಯಾಗಲಿಲ್ಲ. ಬಳಕೆಯಾದದ್ದು ತೀರ್ಪು. ಅದೇ ತರ್ಕದ ಬಲದಿಂದ 1988ರಲ್ಲಿ ಕ್ಯಾನ್ಸರ್ ಸಂಶೋಧನೆಗೆಂದು ರೂಪಿಸಿದ ಹಾರ್ವರ್ಡ್‌ನ ಇಲಿಗೆ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಅದೇ ಇಲಿಯನ್ನು ಕೆನಡಾದ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ 5-4ರ ಬಹುಮತದಿಂದಲೇ ತಿರಸ್ಕರಿಸಿತು. ಒಂದು ಮತದ ಅಂತರದಲ್ಲಿ ಎರಡು ನೆರೆರಾಷ್ಟ್ರಗಳು ಎರಡು ದಾರಿ ಹಿಡಿದವು.

ಭಾರತ ಆರಿಸಿಕೊಂಡದ್ದು ನಡುದಾರಿ. ಕೋಳಿಗಳ ಗಂಬೋರೊ ರೋಗದ ಜೀವಂತ ಲಸಿಕೆ ತಯಾರಿಸುವ ವಿಧಾನ ಪೇಟೆಂಟ್‌ಗೆ ಅರ್ಹವೆಂದು 2002ರಲ್ಲಿ ಕಲ್ಕತ್ತಾ ಹೈಕೋರ್ಟ್ ತೀರ್ಪಿತ್ತಿತು. ಅದೇ ವರ್ಷ ತಿದ್ದುಪಡಿಯಾದ ಪೇಟೆಂಟ್ ಕಾಯ್ದೆಯು ಸಸ್ಯ, ಪ್ರಾಣಿ ಹಾಗೂ ಅವುಗಳ ಅಂಗಾಂಶಗಳನ್ನು ಹೊರಗಿಟ್ಟು, ಸೂಕ್ಷ್ಮಜೀವಿಗಳಿಗೆ ಮಾತ್ರ ವಿನಾಯಿತಿ ನೀಡಿತು. ಆದರೆ ಸೂಕ್ಷ್ಮಜೀವಿ ಎಂದರೇನು ಎಂಬ ವ್ಯಾಖ್ಯೆ ಕಾಯ್ದೆಯಲ್ಲಿಲ್ಲ.

ಕಾನೂನು ಎಳೆದ ಈ ಗೆರೆಯನ್ನು ವಿಜ್ಞಾನ ಮಾನ್ಯ ಮಾಡಿಲ್ಲ. ಪ್ರಾಣಿಗಳ ವಂಶವಾಹಿ ತಿದ್ದಲು ಇಂದು ವ್ಯಾಪಕವಾಗಿ ಬಳಸುವ ಕ್ರಿಸ್ಪರ್ ಸಾಧನವು ಮೂಲತಃ ಬ್ಯಾಕ್ಟೀರಿಯಾಗಳು ವೈರಾಣುವಿನ ವಿರುದ್ಧ ಬಳಸುವ ರಕ್ಷಣಾಸ್ತ್ರ. ಆ ತಂತ್ರಕ್ಕೆ ಸಂಬಂಧಿಸಿದ ಪೇಟೆಂಟ್ ಭಾರತದಲ್ಲೂ 2022ರಲ್ಲಿ ಮಂಜೂರಾಗಿದೆ. ಅಂದರೆ ನಮ್ಮ ಕಾನೂನಿನಲ್ಲಿ ಕುರಿಗೆ ಪೇಟೆಂಟ್ ಇಲ್ಲ. ಕುರಿಯನ್ನು ತಿದ್ದುವ ಕೀಲಿಕೈಗೆ ಇದೆ. ಪ್ರಯೋಗಾಲಯದಿಂದ ಮಾರುಕಟ್ಟೆಗೆ ಕಾಲಿಡುವಾಗ ಆ ಕೀಲಿಕೈಯ ಬಾಡಿಗೆ ಯಾರು ಕಟ್ಟಬೇಕು?

ಇದು ಕರ್ನಾಟಕಕ್ಕೆ ದೂರದ ಮಾತಲ್ಲ. 2019ರ ಜಾನುವಾರು ಗಣತಿಯಂತೆ ರಾಜ್ಯದಲ್ಲಿ 1 ಕೋಟಿ 11 ಲಕ್ಷ ಕುರಿಗಳಿದ್ದು, ದೇಶದಲ್ಲಿ ಮೂರನೆಯ ಸ್ಥಾನ. ಮಂದೆಯಲ್ಲಿ ಹುಟ್ಟಿದ ಒಳ್ಳೆಯ ಟಗರುಮರಿಯನ್ನು ತಳಿಗೆಂದು ಉಳಿಸಿಕೊಳ್ಳುವುದು ಕುರಿಗಾಹಿಗಳ ಅನೂಚಾನ ಪದ್ಧತಿ. ತಿದ್ದಿದ ತಳಿ ಮಂದೆಗೆ ಸೇರಿದ ಮೇಲೆಯೂ ಈ ಸ್ವಾತಂತ್ರ್ಯ ಅಬಾಧಿತವೆಂದು ಸರ್ಕಾರ ಮುಂಚಿತವಾಗಿಯೇ ಸ್ಪಷ್ಟಪಡಿಸುವುದು ಅಗತ್ಯ. ಸಾರ್ವಜನಿಕ ಹಣದಿಂದ ರೂಪುಗೊಂಡ ತಳಿಗಳ ವಿಷಯದಲ್ಲಂತೂ ಇದು ಅನಿವಾರ್ಯ.

1979ರಿಂದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಚಕ್ರವರ್ತಿ, ಬ್ಯಾಕ್ಟೀರಿಯಾದ ಅಜುರಿನ್ ಪ್ರೋಟೀನ್‌ನಿಂದ ಕ್ಯಾನ್ಸರ್ ಔಷಧ ರೂಪಿಸುವ ಯತ್ನದಲ್ಲಿ ತೊಡಗಿದರು. ನ್ಯಾಯಾಧೀಶರಿಗೆ ತಳಿವಿಜ್ಞಾನ ಪರಿಚಯಿಸುವ ಸಂಸ್ಥೆಯೊಂದರ ಸ್ಥಾಪಕ ಸದಸ್ಯರೂ ಆಗಿದ್ದರು. 2007ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಅವರು 2020ರ ಜುಲೈ 10ರಂದು ನಿಧನರಾದರು. ಅಮೆರಿಕದಲ್ಲಿ ಜೀವಿಯ ಒಡೆತನವನ್ನು ನ್ಯಾಯಾಲಯ ತೀರ್ಮಾನಿಸಿತು. ಭಾರತದಲ್ಲಿ ಅದನ್ನು ತೀರ್ಮಾನಿಸಲು ಸಂಸತ್ತಿಗೆ ಇನ್ನೂ ಕಾಲಾವಕಾಶವಿದೆ.