ಗ್ರಾಡಿನ್ ಯಾರ ಕಡೆಯವನು? ಅಹ್ಮದ್ ಖಾನ್ ಎಲ್ಲಿಯವರು?

ಕೋಪಾ ಅಮೆರಿಕಾ ಅಂದರೆ ನಮ್ಮಂಥವರಿಗೆ ಮೆಸ್ಸಿ, ಬೆಳಗಿನ ಜಾವದ ಅಲಾರಂ, ಆಮೇಲೆ ಹತ್ತು ಗಂಟೆಯ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ತೂಕಡಿಸುವುದು. ಈ ಟೂರ್ನಿ ಶುರುವಾಗಿ ನೂರು ವರ್ಷ ದಾಟಿದೆ. ಮೊದಲನೆಯದು ನಡೆದದ್ದು 1916ರ ಜುಲೈಯಲ್ಲಿ, ಬ್ಯೂನಸ್ ಐರಿಸ್‌ನಲ್ಲಿ. ಅರ್ಜೆಂಟೀನಾ ಸ್ವಾತಂತ್ರ್ಯ ಘೋಷಿಸಿ ನೂರು ವರ್ಷ ತುಂಬಿದ ನೆನಪಿಗೆ ಮಾಡಿದ ಹಬ್ಬ ಅದು. ಅತ್ತ ಯುರೋಪು ಯುದ್ಧದಲ್ಲಿ ಉರಿಯುತ್ತಿತ್ತು. ಇತ್ತ ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್, ಚಿಲಿ, ಈ ನಾಲ್ಕೇ ದೇಶಗಳು ಸೇರಿ ಒಂದು ಖಂಡದ ಚಾಂಪಿಯನ್‌ಶಿಪ್ ಆಡಿಬಿಟ್ಟವು. ವಿಶ್ವಕಪ್ ಹುಟ್ಟಲು ಇನ್ನೂ 14 ವರ್ಷ ಬಾಕಿ ಇತ್ತು.

ಜುಲೈ 2ರಂದು ಮೊದಲ ಪಂದ್ಯ. ಉರುಗ್ವೆ ಚಿಲಿಯನ್ನು 4-0ರಿಂದ ಬಡಿಯಿತು. ಪಿಯೆಂದಿಬೆನೆ ಎರಡು ಗೋಲು, ಇಸಬೆಲಿನೋ ಗ್ರಾಡಿನ್ ಎರಡು ಗೋಲು. ಸೋತ ಚಿಲಿಯವರು ಪಂದ್ಯ ರದ್ದು ಮಾಡಿ ಎಂದು ತಕರಾರು ತೆಗೆದರು. ಕಾರಣ ಕೇಳಿ: ಉರುಗ್ವೆ ತಂಡದಲ್ಲಿ ಇಬ್ಬರು ಆಫ್ರಿಕನ್ನರು ಆಡಿದ್ದಾರಂತೆ! ಆ ಇಬ್ಬರು ಗ್ರಾಡಿನ್ ಮತ್ತು ಹುವಾನ್ ದೆಲ್ಗಾದೊ. ಇಬ್ಬರೂ ಉರುಗ್ವೆಯಲ್ಲೇ ಹುಟ್ಟಿ ಬೆಳೆದವರು. ಹಿಂದೆಂದೋ ಗುಲಾಮರಾಗಿ ಹಡಗಿನಲ್ಲಿ ಬಂದಿಳಿದವರ ವಂಶದವರು ಅನ್ನುವುದಷ್ಟೇ ಅವರ ಅಪರಾಧ. ತಕರಾರು ನಿಲ್ಲಲಿಲ್ಲ. ಉರುಗ್ವೆಯೇ ಚಾಂಪಿಯನ್ ಆಯಿತು, ಮೂರು ಗೋಲು ಹೊಡೆದ ಗ್ರಾಡಿನ್ ಟೂರ್ನಿಯ ಅತಿ ಹೆಚ್ಚು ಗೋಲುಗಳ ಆಟಗಾರನಾದ. ಕೊನೆಯ ಪಂದ್ಯಕ್ಕೆ ಜನ ಎಷ್ಟು ನುಗ್ಗಿದರೆಂದರೆ ಐದೇ ನಿಮಿಷಕ್ಕೆ ಆಟ ನಿಂತಿತು, ಸಿಟ್ಟಾದವರು ಸ್ಟ್ಯಾಂಡಿಗೆ ಬೆಂಕಿ ಇಟ್ಟರು, ಮಾರನೇ ದಿನ ಬೇರೆ ಮೈದಾನದಲ್ಲಿ ಆಡಿ 0-0 ಎಂದು ಮುಗಿಸಿದರು. ಅದೊಂದು ಬೇರೆಯೇ ಪುರಾಣ.

ನನ್ನ ತಲೆಯಲ್ಲಿ ಉಳಿದದ್ದು ಚಿಲಿಯವರ ಆ ತಕರಾರು. ಆಟ ಸೋತಾಗ ಎದುರಾಳಿಯ ಊರು ಕೇಳುವುದು ಹಳೇ ಚಾಳಿ. ಗೆದ್ದಾಗಲೂ ಕೇಳುವುದುಂಟು, ಅದು ಇನ್ನೂ ಸೂಕ್ಷ್ಮ. ಅದಕ್ಕೆ ಉದಾಹರಣೆ ಹುಡುಕಿಕೊಂಡು ದಕ್ಷಿಣ ಅಮೆರಿಕಾಕ್ಕೆ ಹೋಗಬೇಕಿಲ್ಲ, ನಮ್ಮ ಬೆಂಗಳೂರೇ ಸಾಕು.

ನಮ್ಮ ಖಂಡದ ಕಥೆ ನೋಡಿ. ಏಷ್ಯಾದ ದೇಶಗಳು ಒಂದೆಡೆ ಸೇರಿ ಆಡಿದ ಮೊದಲ ದೊಡ್ಡ ಫುಟ್‌ಬಾಲ್ ಪಂದ್ಯಾವಳಿಗಳಲ್ಲಿ ಒಂದು, 1951ರ ಮಾರ್ಚಿನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನದು. ಆರು ತಂಡಗಳು. ಭಾರತ ಇಂಡೋನೇಷ್ಯಾವನ್ನು 3-0, ಅಫ್ಘಾನಿಸ್ತಾನವನ್ನು 3-0, ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಗೆಲುವಿನ ಗೋಲು ಸಾಹು ಮೇವಾಲಾಲ್ ಅವರದು. ಕೋಚ್ ಹೈದರಾಬಾದಿನ ರಹೀಮ್ ಸಾಹೇಬರು, ನಾಯಕ ಬಂಗಾಳದ ಸೈಲೆನ್ ಮನ್ನಾ. ಆ ತಂಡದ ಮುಂಚೂಣಿಯಲ್ಲಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುತ್ತಿದ್ದವರು ಬೆಂಗಳೂರಿನ ಅಹ್ಮದ್ ಖಾನ್.

ಅಹ್ಮದ್ ಖಾನರ ಕಥೆ ಇನ್ನೂ ಮೊದಲೇ ಶುರುವಾಗುತ್ತದೆ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತಕ್ಕೆ ಒಂದು ವರ್ಷವೂ ತುಂಬಿಲ್ಲ. ಇಲ್‌ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ನಮ್ಮವರು, ಹೆಚ್ಚಿನವರು ಬರಿಗಾಲಲ್ಲಿ, ಫ್ರಾನ್ಸ್ ಎದುರು ಇಳಿದರು. ಎರಡು ಪೆನಾಲ್ಟಿ ಕೈಬಿಟ್ಟೂ 1-1ರಲ್ಲಿ ಸಮ ಮಾಡಿಕೊಂಡಿದ್ದರು, ಕೊನೇ ಗಳಿಗೆಯಲ್ಲಿ ಫ್ರಾನ್ಸ್ ಗೋಲು ಹೊಡೆದು 2-1ರಿಂದ ಉಳಿದುಕೊಂಡಿತು. ಭಾರತದ ಆ ಒಂದು ಗೋಲು ಸಾರಂಗಪಾಣಿ ರಾಮನ್ ಅವರದು, ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಗೋಲು. ರಾಮನ್ ಮೈಸೂರಿನ ಪರ ಆಡುತ್ತಿದ್ದವರು. ಅದೇ ತಂಡದಲ್ಲಿ ಅಹ್ಮದ್ ಖಾನ್ ಇದ್ದರು, ಧನರಾಜ್ ಇದ್ದರು, ಗೋಲ್‌ಕೀಪರ್ ಕೆಂಚಪ್ಪ ವರದರಾಜ್ ಇದ್ದರು. ಎಲ್ಲರೂ ಬೆಂಗಳೂರಿನ ಮೈದಾನಗಳಲ್ಲಿ ಬೆಳೆದವರು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಅರೆದು ಹಾಕಿದಾಗಲೂ ಆ ಒಂದು ಗೋಲು ಅಹ್ಮದ್ ಖಾನರದೇ.

ಇಷ್ಟೊಂದು ಆಟಗಾರರು ಬೆಂಗಳೂರಿನಿಂದ ಹೇಗೆ ಬಂದರು? ಉತ್ತರ ದಂಡಿನಲ್ಲಿದೆ. ಬೆಂಗಳೂರಿನ ಹಳಬರು ಕಂಟೋನ್ಮೆಂಟಿಗೆ ಹೇಳುವುದು ಹಾಗೇ, ದಂಡು. ಬ್ರಿಟಿಷ್ ಪಡೆ ಇದ್ದ ಕಡೆ ಮೈದಾನ ಇತ್ತು, ಸೋಲ್ಜರುಗಳ ಆಟ ನೋಡಿ ಹಲಸೂರು, ಆಸ್ಟಿನ್ ಟೌನ್ ಕಡೆಯ ಹುಡುಗರು ಕಲಿತರು. ಕಲಿತವರು ಅವರನ್ನೇ ಸೋಲಿಸತೊಡಗಿದರು. ಮುಂಬೈನ ರೋವರ್ಸ್ ಕಪ್ 1891ರಲ್ಲಿ ಶುರುವಾದದ್ದು. 1936ರವರೆಗೂ ಅದನ್ನು ಗೋರಾ ಪಡೆಗಳೇ ಹಂಚಿಕೊಂಡವು. 1937ರಲ್ಲಿ ಅದನ್ನು ಮೊದಲು ಕಿತ್ತುಕೊಂಡ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ. ಪುಣೆಯಿಂದ ಡೆಕ್ಕನ್ ಕ್ವೀನ್ ಹತ್ತಿದರೆ ಮೂರು ಗಂಟೆಯ ದಾರಿಯಲ್ಲಿ ನಮ್ಮ ಊರಿನವರು ಇತಿಹಾಸ ಮಾಡಿದ್ದಾರೆ ಎಂಬುದು ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾದ ನನಗೆ ಯಾರೂ ಹೇಳಿರಲಿಲ್ಲ.

ದಂಡಿನ ಇನ್ನೊಂದು ವಿಚಿತ್ರವಿದೆ. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ ದಂಡನ್ನು ಮಾತ್ರ ತಮ್ಮ ಕೈಯಲ್ಲಿ ಇಟ್ಟುಕೊಂಡರು. ಅದು ಮೈಸೂರು ಸರ್ಕಾರದ ಕೈಗೆ ಬಂದದ್ದು 1947ರ ಜುಲೈಯಲ್ಲಿ. ಅದಕ್ಕೂ ಮುಂಚೆಯೇ, 1946-47ರ ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡ ಬೆಂಗಳೂರಿನಲ್ಲೇ ಬಂಗಾಳವನ್ನು ಸೋಲಿಸಿ ಗೆದ್ದಿತ್ತು. ಅಂದರೆ ಕಾಗದದ ಮೇಲೆ ದಂಡಿನ ಹುಡುಗ ಮೈಸೂರಿನವನೇ ಅಲ್ಲ, ಆದರೂ ದಂಡಿನ ಮೈದಾನಗಳ ಆಟವೇ ಮೈಸೂರಿನ ಫುಟ್‌ಬಾಲ್. ಮನೆಮಾತು ತಮಿಳೋ ಉರ್ದುವೋ ಆಗಿದ್ದವರೇ ಅಲ್ಲಿ ಹೆಚ್ಚು.

ಈಗ ಕೋಲ್ಕತ್ತಾದ ವಿಷಯ. ಹಿಂಜವಡಿಯ ನಮ್ಮ ಆಫೀಸಿನಲ್ಲಿ ಬಂಗಾಳಿ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಅಜ್ಜ ದೇಶ ವಿಭಜನೆಯ ಹೊತ್ತಿಗೆ ಬಾರಿಸಾಲ್ ಬಿಟ್ಟು ಬಂದವರು. ಒಮ್ಮೆ ಊಟದ ಹೊತ್ತಿನಲ್ಲಿ ಅಹ್ಮದ್ ಖಾನರ ಹೆಸರೆತ್ತಿದೆ ಅಷ್ಟೇ, ಮನುಷ್ಯ ಚಮಚ ಕೆಳಗಿಟ್ಟು ಒಂದೇ ಉಸಿರಿನಲ್ಲಿ ಹೇಳಿದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಈಸ್ಟ್ ಬೆಂಗಾಲ್ ಕ್ಲಬ್ಬಿನ ಪಂಚಪಾಂಡವರು. 1949ರಲ್ಲಿ ಈ ಐವರ ಕಾಲ್ಬಲದಿಂದ ಆ ಕ್ಲಬ್ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಬಾಚಿತು. ಶೀಲ್ಡ್ ಅಂತೂ 1951ರವರೆಗೆ ಸತತ ಮೂರು ವರ್ಷ.

ಇದರಲ್ಲಿ ನನ್ನನ್ನು ಹಿಡಿದದ್ದು ಟ್ರೋಫಿಗಳ ಲೆಕ್ಕವಲ್ಲ. ಈಸ್ಟ್ ಬೆಂಗಾಲ್ ಊರು ಬಿಟ್ಟವರ ಕ್ಲಬ್. 1920ರಲ್ಲಿ ಪೂರ್ವ ಬಂಗಾಳದ ಕಡೆಯವರು ಕಟ್ಟಿಕೊಂಡದ್ದು, 1947ರ ನಂತರ ಮನೆಮಠ ಕಳಕೊಂಡು ಬಂದ ಲಕ್ಷಾಂತರ ಜನಕ್ಕೆ ಅದೇ ಊರಾಯಿತು. 'ನೀವು ಬಾಂಗಾಲ್‌ಗಳು, ಹೊರಗಿನವರು' ಎಂದು ದಿನವೂ ಕೇಳಿಸಿಕೊಳ್ಳುತ್ತಿದ್ದ ಆ ಜನ ಮೈದಾನಕ್ಕೆ ಹೋಗಿ ಯಾರಿಗೆ ಕೂಗು ಹಾಕಿದರು? ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. ಇಬ್ಬರು ನಮ್ಮ ಬೆಂಗಳೂರಿನವರು, ಸಾಲೆ ಕೇರಳದವರು, ಅಪ್ಪಾರಾವ್ ಆಂಧ್ರದವರು. ಅವರ ಭಾಷೆ ಇವರಿಗೆ ಬಾರದು. ವಿಭಜನೆಯ ಗಾಯ ಹಸಿಯಾಗಿದ್ದ ಕಾಲದಲ್ಲಿ, ಆ ಗಾಯ ಹೊತ್ತೇ ಬಂದ ಜನ ಅಹ್ಮದ್ ಖಾನ್ ಎಂಬ ಹುಡುಗನನ್ನು ಮನೆಮಗ ಮಾಡಿಕೊಂಡರು. ಎಪ್ಪತ್ತು ವರ್ಷ ಕಳೆದ ಮೇಲೂ ಮೊಮ್ಮಗ ಪುಣೆಯ ಕ್ಯಾಂಟೀನಿನಲ್ಲಿ ಕೂತು ಹೆಸರು ಹೇಳುತ್ತಾನೆ.

ನಮ್ಮ ಕಡೆ? ಹೋದ ನವೆಂಬರಿನಲ್ಲಿ ನಮ್ಮ ಸೊಸೈಟಿಯ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಕ್ವಿಜ್ ನಡೆಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. 'ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆದ ಬೆಂಗಳೂರಿನ ಫುಟ್‌ಬಾಲ್ ಆಟಗಾರ ಯಾರು?' ಸುನಿಲ್ ಚೆಟ್ರಿ ಎಂದು ನಾಲ್ಕೈದು ಕಡೆಯಿಂದ ಕೂಗು ಬಂತು. ಚೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಒಲಿಂಪಿಕ್ಸ್ ಆಡಿದವರಲ್ಲ. ಆದರೂ ಬೆಂಗಳೂರು ಎಫ್‌ಸಿ ಪುಣ್ಯದಿಂದ ಅವರು ನಮ್ಮವರು, ಅದರಲ್ಲಿ ನನಗೆ ಸಂತೋಷವೇ. ನಾನು ಅಹ್ಮದ್ ಖಾನ್ ಅಂದೆ. ಮೊದಲ ಸಾಲಿನಲ್ಲಿದ್ದ ಹಿರಿಯರೊಬ್ಬರು ತೀರಾ ಮುಗ್ಧವಾಗಿ ಕೇಳಿದರು: "ಅವರು ಕನ್ನಡದವರೇನ್ರಿ?"

ಅವರಲ್ಲಿ ಕೆಟ್ಟತನವಿರಲಿಲ್ಲ. ರಾಣೆಬೆನ್ನೂರಿನಲ್ಲಿ ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದ ನನಗೂ ಗುಂಡಪ್ಪ ವಿಶ್ವನಾಥ್ ಗೊತ್ತು, ಪ್ರಸನ್ನ ಗೊತ್ತು. ಪಾಠದ ಪುಸ್ತಕದಲ್ಲಾಗಲಿ ಮನೆಯ ಮಾತಿನಲ್ಲಾಗಲಿ ಅಹ್ಮದ್ ಖಾನ್ ಬಂದದ್ದಿಲ್ಲ. ಆದರೆ ಆ ಪ್ರಶ್ನೆ ಕೇಳಿದ ಹಿರಿಯರು ಪುಣೆಯಲ್ಲಿ ನಲವತ್ತು ವರ್ಷದಿಂದ ಇದ್ದಾರೆ, ಅಚ್ಚ ಮರಾಠಿ ಮಾತಾಡುತ್ತಾರೆ, ಗಣಪತಿ ವರ್ಗಣಿ ತಪ್ಪದೆ ಕೊಡುತ್ತಾರೆ, ಈಗಲೂ ರಿಕ್ಷಾದವನು 'ಕಾಕಾ, ತುಮ್ಹೀ ಮೂಳ್‌ಚೆ ಕುಠ್‌ಲೆ?' ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ನನ್ನ ಮಗನಿಗೆ ಹನ್ನೊಂದು ವರ್ಷ. ವಾಕಡ್‌ನ ಒಂದು ಟರ್ಫಿನಲ್ಲಿ ಕೋಚಿಂಗಿಗೆ ಹೋಗುತ್ತಾನೆ. ಅಲ್ಲಿ ಫಾರ್ಮ್ ತುಂಬಿಸುತ್ತಿದ್ದವರು ಮೂಲ ಊರು ಕೇಳಿದಾಗ ನಾನು ರಾಣೆಬೆನ್ನೂರು ಅಂದೆ. ಅವನು ಬೂಟಿನ ಲೇಸು ಕಟ್ಟುತ್ತಲೇ "ಅದು ನಿಮ್ಮದು ಅಪ್ಪಾ, ನಂದು ವಾಕಡ್" ಅಂದ. ಏನು ಬರೆಯಲಿ ಎಂದು ಅವರು ನನ್ನ ಮುಖ ನೋಡಿದರು. ವಾಕಡ್ ಎಂದೇ ಬರೆಸಿದೆ. ಮನೆಯಲ್ಲಿ ಅಮ್ಮನಿಗೆ ಇದು ಸರಿ ಬರಲಿಲ್ಲ.

ಅಹ್ಮದ್ ಖಾನ್ 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ತೊಂಬತ್ತು ದಾಟಿತ್ತು. ಏಷ್ಯಾದ ಚಿನ್ನ ಗೆದ್ದವರ ಹೆಸರಿನಲ್ಲಿ ನಮ್ಮ ಮಕ್ಕಳಿಗೆ ಒಂದು ಪಾಠವಾದರೂ ಇರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಸಲ ಬೆಂಗಳೂರಿಗೆ ಹೋದರೆ ಹಲಸೂರಿನ ಪಕ್ಕದ ಗೌತಮಪುರಕ್ಕೆ ಒಮ್ಮೆ ಹೋಗಿ ಬನ್ನಿ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆಗೆ ಅಲ್ಲಿ ಪೆಲೆಯ ಪ್ರತಿಮೆಯೂ ಇದೆ. ಬ್ರೆಜಿಲಿನವನನ್ನು ಬೀದಿಯಲ್ಲಿ ನಿಲ್ಲಿಸಿಕೊಂಡ ಆ ಜನ ಅವನ ಮನೆಮಾತು ಕೇಳಿರಲಿಕ್ಕಿಲ್ಲ. ಹಾಗೇ 2023ರ ಮಾರ್ಚ್ 4, ರಿಯಾದ್‌ನ ಸಂತೋಷ್ ಟ್ರೋಫಿ ಫೈನಲ್ ಕೂಡ ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಐವತ್ತನಾಲ್ಕು ವರ್ಷದ ಮೇಲೆ ಕರ್ನಾಟಕ ಗೆದ್ದದ್ದು ಆವತ್ತೇ, ಮೇಘಾಲಯದ ಎದುರು 3-2. ನಮ್ಮ ಮೂರು ಗೋಲು ಹೊಡೆದವರು ಸುನಿಲ್ ಕುಮಾರ್, ಬೆಕಿ ಓರಂ, ರಾಬಿನ್ ಯಾದವ್. ರಾಬಿನ್ ಹೊಡೆದದ್ದು ಫ್ರೀ ಕಿಕ್. ಮಗನ ಜೊತೆ ಅದನ್ನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದೆನೋ.