ಕಾರ್ಗಿಲ್ ಗಾಯಾಳುಗಳು: ಗುಂಡಿನ ಸದ್ದು ನಿಂತ ಮೇಲೂ ಮುಗಿಯದ ಸಮರ

ಬೆಂಗಳೂರು: ಪ್ರತಿ ವರ್ಷ ಜುಲೈ 26ರಂದು ದೇಶ ಕಾರ್ಗಿಲ್ ವಿಜಯ ದಿವಸ ಆಚರಿಸುತ್ತದೆ. ಹುತಾತ್ಮರಾದ 527 ಯೋಧರಿಗೆ ಗೌರವ ಸಲ್ಲುತ್ತದೆ. ಆದರೆ ಅದೇ ಯುದ್ಧದ ಇನ್ನೊಂದು ಲೆಕ್ಕ ಅಷ್ಟಾಗಿ ಕೇಳಿಬರುವುದಿಲ್ಲ. 1999ರ ಆ ಸಮರದಲ್ಲಿ ಗಾಯಗೊಂಡವರು 1,363 ಮಂದಿ. ಅಂದರೆ ಮಡಿದವರ ಎರಡೂವರೆ ಪಟ್ಟು.

ಇವರಲ್ಲಿ ಒಬ್ಬರು ಕನ್ನಡಿಗ ಕ್ಯಾಪ್ಟನ್ ನವೀನ್ ನಾಗಪ್ಪ. 13ನೇ ಜಮ್ಮು-ಕಾಶ್ಮೀರ ರೈಫಲ್ಸ್‌ನ ಈ ಯುವ ಅಧಿಕಾರಿ ಸೇನೆ ಸೇರಿ ಕೆಲವೇ ತಿಂಗಳಲ್ಲಿ ಪಾಯಿಂಟ್ 4875 ಶಿಖರದ ಕಾಳಗಕ್ಕೆ ಇಳಿದಿದ್ದರು. ಪಕ್ಕದಲ್ಲೇ ಬಿದ್ದ ಶತ್ರುವಿನ ಗ್ರೆನೇಡನ್ನು ಅವರು ಎತ್ತಿ ವಾಪಸ್ ಎಸೆದರು. ಬಂಡೆಗೆ ಬಡಿದು ಹಿಂದಕ್ಕೆ ಬಂದ ಅದು ಸ್ಫೋಟಿಸಿ ಅವರ ಕಾಲುಗಳನ್ನು ಜರ್ಜರಿತಗೊಳಿಸಿತು. ಅವರನ್ನು ಸುರಕ್ಷಿತ ಜಾಗಕ್ಕೆ ಎಳೆದು ತಂದವರು ಕ್ಯಾಪ್ಟನ್ ವಿಕ್ರಮ್ ಬಾತ್ರಾ. ಅದೇ ಶಿಖರದಲ್ಲಿ ಬಾತ್ರಾ ಹುತಾತ್ಮರಾದರು.

ನಾಗಪ್ಪ ಬದುಕಿದರು. ಮುಂದಿನ ಸಮರ ನಡೆದದ್ದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ: 21 ತಿಂಗಳು, 8 ಶಸ್ತ್ರಚಿಕಿತ್ಸೆ. ಸೇನಾ ಪದಕ ಬಂತು, ಆದರೆ ಸಮವಸ್ತ್ರ ಕಳಚಬೇಕಾಯಿತು. ಬಳಿಕ ಎಂಜಿನಿಯರಿಂಗ್ ಸೇವಾ ಪರೀಕ್ಷೆ ಬರೆದು ಮಿಲಿಟರಿ ಎಂಜಿನಿಯರ್ ಸೇವೆಗೆ ಸೇರಿದರು.

ಕಾರ್ಗಿಲ್‌ನಲ್ಲಿ ಪರಮವೀರ ಚಕ್ರ ಪಡೆದವರು ನಾಲ್ವರು. ಬಾತ್ರಾ ಮತ್ತು ಮನೋಜ್ ಕುಮಾರ್ ಪಾಂಡೆ ಅವರಿಗೆ ಅದು ಮರಣೋತ್ತರವಾಗಿ ಸಂದಿತು. ಬದುಕುಳಿದ ಸಂಜಯ್ ಕುಮಾರ್, ಯೋಗೇಂದ್ರ ಸಿಂಗ್ ಯಾದವ್ ಇಬ್ಬರೂ ತೀವ್ರ ಗಾಯಗೊಂಡೇ ಹೋರಾಡಿದವರು. ಯಾದವ್ ಅವರಿಗಂತೂ ಮೊದಲು ಮರಣೋತ್ತರ ಎಂದೇ ಪ್ರಕಟವಾಗಿತ್ತು. ಆಗ ಅವರು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು!

ಪದಕ ಸಿಗದ ಗಾಯಾಳುಗಳ ಪಾಡೇನು? ಅವರ ಶೌರ್ಯವನ್ನು ಅಳೆಯುವುದು ವೈದ್ಯಕೀಯ ಮಂಡಳಿ ನೀಡುವ ಶೇಕಡಾವಾರು ಅಂಗವೈಕಲ್ಯ. ಯುದ್ಧದ ಗಾಯಕ್ಕೆ ನಿಯಮ ಹೆಚ್ಚು ಉದಾರವಾಗಿದೆ. ಸೇವೆಯಿಂದ ಬಿಡುಗಡೆಯಾದ ಯೋಧನಿಗೆ ಶೇ 100 ವೈಕಲ್ಯವಿದ್ದರೆ ಯುದ್ಧಗಾಯದ ಪಿಂಚಣಿ ಭಾಗ ಕೊನೆಯ ವೇತನಕ್ಕೆ ಸಮ. ಸಾಮಾನ್ಯ ವೈಕಲ್ಯಕ್ಕೆ ಇದು ವೇತನದ ಶೇ 30 ಮಾತ್ರ.

ಆದರೆ ಒಂದು ವಿಚಿತ್ರವಿತ್ತು. ವೈಕಲ್ಯದ ಪ್ರಮಾಣವನ್ನು ಶೇ 50, 75 ಅಥವಾ 100ಕ್ಕೆ ಏರಿಸುವ ಸೌಲಭ್ಯವನ್ನು ಗಾಯದ ಕಾರಣಕ್ಕೆ ಸೇನೆಯಿಂದ ಹೊರಬಂದವರಿಗಷ್ಟೇ ನೀಡಲಾಗಿತ್ತು. ನೋವು ನುಂಗಿಕೊಂಡು ಪೂರ್ಣಾವಧಿ ದುಡಿದು ನಿವೃತ್ತರಾದವರಿಗೆ ಅದು ಇರಲಿಲ್ಲ. ಹೆಚ್ಚು ಸಹಿಸಿದವನಿಗೇ ಕಡಿಮೆ! ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದ ತೀರ್ಪಿನಲ್ಲಿ ಈ ತಾರತಮ್ಯವನ್ನು ಸರಿಪಡಿಸಿತು. ಕಾರ್ಗಿಲ್ ಮುಗಿದು ಆಗ 15 ವರ್ಷ ಕಳೆದಿತ್ತು.

ಹುತಾತ್ಮರ ಸ್ಮಾರಕಕ್ಕೆ ವರ್ಷಕ್ಕೊಮ್ಮೆ ಹೂವಿಟ್ಟರೆ ಗೌರವ ಸಂದಂತಾಗುತ್ತದೆ. ಗಾಯಾಳು ಯೋಧನ ವಿಷಯದಲ್ಲಿ ಅದು ಸಾಲದು. ಅವನಿಗೆ ಪ್ರತಿ ತಿಂಗಳೂ ಪಿಂಚಣಿ ಬರಬೇಕು, ಚಿಕಿತ್ಸೆ ಸಿಗಬೇಕು, ಮಾಡಲೊಂದು ಕೆಲಸ ಬೇಕು. ಅದಕ್ಕಾಗಿ ಅವನು ಕೋರ್ಟ್ ಮೆಟ್ಟಿಲೇರುವಂತಾಗಬಾರದು.