ಕಣ್ಣಿಗೆ ಕಾಣದ ತಂತಿ

ಮೊನ್ನೆ ಬೆಳಗ್ಗೆ ಕಾಫಿಯ ಲೋಟ ಹಿಡಿದು ಜಗಲಿಗೆ ಬಂದವನಿಗೆ, ಬೀದಿಯುದ್ದಕ್ಕೂ ಒಂದು ಕಾಲುವೆ ತೋಡಿರುವುದು ಕಣ್ಣಿಗೆ ಬಿದ್ದಿತು. ಕಂಬದ ಮೇಲಿನ ವಿದ್ಯುತ್ತಂತಿಗಳನ್ನು ತೆಗೆದು, ನೆಲದೊಳಗೆ ಕೇಬಲ್ ಹೂಳುವ ಕಾರ್ಯ ಬೆಂಗಳೂರಿನ ನಮ್ಮ ಬಡಾವಣೆಗೂ ಬಂದಿದ್ದಿತು. ನೆರೆಮನೆಯ ರಾಯರು ಹರ್ಷಚಿತ್ತರಾಗಿ, “ಇನ್ನು ಬದುಕಿದೆವು ಮೇಷ್ಟ್ರೇ! ಗಾಳಿ ಬೀಸಿದೊಡನೆ ದೀಪ ಹೋಗುವುದು ತಪ್ಪಿತು. ತಂತಿಗೆ ತಗಲುತ್ತದೆಂದು ವರ್ಷವರ್ಷವೂ ಈ ಹೊಂಗೆಯ ತಲೆ ಬೋಳಿಸುವುದೂ ತಪ್ಪಿತು” ಎಂದರು.

ನಾನೂ ತಲೆದೂಗಿದೆ. ಆದರೆ ಗೇಟಿನ ಬಳಿ ಹೋಗಿ ಬಗ್ಗಿ ನೋಡಿದಾಗ ಆ ಸಂತೋಷ ಉಳಿಯಲಿಲ್ಲ. ಹೊಂಗೆಯ ಬುಡಕ್ಕೆ ಎರಡೇ ಮೊಳ ದೂರದಲ್ಲಿ ಯಂತ್ರ ಹಾದುಹೋಗಿತ್ತು. ತೋಳುಗಾತ್ರದ ಮೂರು ಬೇರುಗಳು ತುಂಡಾಗಿ ಮಣ್ಣಿನ ರಾಶಿಯ ಮೇಲೆ ಬಿದ್ದಿದ್ದವು. ತಲೆಯನ್ನು ಉಳಿಸಲು ಹೋಗಿ ಕಾಲನ್ನು ಕಡಿದಂತಾಗಿತ್ತು.

ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ಅಂದಿನಿಂದಲೂ ಮರಕ್ಕೂ ತಂತಿಗೂ ದಾಯಾದಿ ಕಲಹ. ತಂತಿಯನ್ನು ಮಣ್ಣಿನಲ್ಲಿ ಹೂತರೆ ಕಲಹವೂ ಹೂತುಹೋಗುತ್ತದೆಂದು ನಾವು ನಂಬುತ್ತೇವೆ. ಕಣ್ಣಿಗೆ ಕಾಣದ್ದು ಮನಸ್ಸಿನಿಂದಲೂ ದೂರವಾಗುವುದು ಮನುಷ್ಯಸ್ವಭಾವವಷ್ಟೆ! ಆದರೆ ಕಾಣದಿರುವುದೂ ನಿರಪಾಯವಾಗಿರುವುದೂ ಒಂದೇ ಅಲ್ಲ.

ಭೂಗತ ತಂತಿಯಿಂದ ಉಪಕಾರವಿಲ್ಲವೆಂದು ನಾನು ಹೇಳಲಾರೆ. ಕಡಿದುಬಿದ್ದ ತಂತಿಯನ್ನು ತುಳಿದು ಪ್ರಾಣ ನೀಗುವ ದಾರುಣ ಪ್ರಸಂಗಗಳು ಅದರಿಂದ ಕಡಿಮೆಯಾಗುತ್ತವೆ. ಮನುಷ್ಯರಿಗಷ್ಟೇ ಅಲ್ಲ, ಹಕ್ಕಿಗಳಿಗೂ ಅದು ಅಭಯ. ರಾಜಸ್ಥಾನದ ಬಯಲಿನ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯನ್ನೇ ನೋಡಿ. ನಮ್ಮ ಸಿರುಗುಪ್ಪದ ಕಡೆಯವರು ಎರ್ಲಡ್ಡು ಎನ್ನುವ ಪಕ್ಷಿಯೇ ಅದು. ಅದರ ದೇಹ ಭಾರ, ನೇರ ಮುಂದಿನ ನೋಟ ಮಂದ. ಎದುರಿನ ತಂತಿಯನ್ನು ಸಕಾಲದಲ್ಲಿ ಕಂಡು ಪಕ್ಕಕ್ಕೆ ಸರಿಯಲಾರದೆ ಬಡಿದು ಸಾಯುತ್ತದೆ. ಆದುದರಿಂದ ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್‌ನಲ್ಲಿ, ರಾಜಸ್ಥಾನ ಗುಜರಾತುಗಳ ಅದರ ನೆಲೆಗಳಲ್ಲಿ ಸಾಧ್ಯವಿರುವೆಡೆ ತಂತಿಗಳನ್ನು ಭೂಗತಗೊಳಿಸಬೇಕೆಂದು ಆದೇಶಿಸಿತು. ಆದರೆ 2024ರ ಮಾರ್ಚ್‌ನಲ್ಲಿ, ಸುಮಾರು 99,000 ಚದರ ಕಿಲೋಮೀಟರ್ ವಿಸ್ತಾರಕ್ಕೆಲ್ಲ ಒಂದೇ ಅಪ್ಪಣೆ ಸಲ್ಲದೆಂದು ಅದನ್ನು ಬದಲಿಸಿ, ಎಲ್ಲೆಲ್ಲಿ ಹೂಳಬೇಕೆಂಬುದನ್ನು ಪರಿಶೀಲಿಸಲು ತಜ್ಞರ ಸಮಿತಿಯನ್ನು ನೇಮಿಸಿತು. ಒಂದೊಂದು ಸ್ಥಳವನ್ನೂ ಅಲ್ಲಿಯೇ ನಿಂತು ತೂಗಬೇಕೆಂಬ ವಿವೇಕ ಇದರಲ್ಲಿದೆ.

ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನೇನಿದೆ? ಮೊದಲನೆಯದು ಬೇರು. ಮರ ಎಷ್ಟೇ ಎತ್ತರವಿರಲಿ, ಅದರ ಬೇರುಗಳಲ್ಲಿ ಬಹುಭಾಗ ಮೇಲಿನ ಎರಡಡಿ ಮಣ್ಣಿನಲ್ಲಿಯೇ ಹರಡಿರುತ್ತದೆ. ಕಾಲುವೆ ತೋಡುವುದೂ ಅಲ್ಲಿಯೇ. ಎರಡನೆಯದು ಶಾಖ. ತುಂಬ ಹೊರೆ ಹೊತ್ತಾಗ ಇಂದಿನ ಪ್ಲಾಸ್ಟಿಕ್ ಹೊದಿಕೆಯ ಕೇಬಲ್ಲಿನ ಒಳಲೋಹ 90 ಡಿಗ್ರಿ ಸೆಲ್ಸಿಯಸ್‌ವರೆಗೂ ಬಿಸಿಯಾಗಬಹುದು. ಸುತ್ತಲಿನ ಮಣ್ಣು ಒಣಗಿದರೆ ಆ ಬಿಸಿ ಹೊರಹೋಗುವುದು ಇನ್ನೂ ಕಷ್ಟ. ಹಳೆಯ ಬಗೆಯ ಎಣ್ಣೆ ತುಂಬಿದ ಕೇಬಲ್ಲುಗಳಲ್ಲಾದರೋ ಎಣ್ಣೆ ಸೋರಿ ಅಂತರ್ಜಲವನ್ನು ಸೇರುವ ಭಯವುಂಟು. ಇನ್ನು ಕಾಂತಕ್ಷೇತ್ರ: ಅದನ್ನು ಮಣ್ಣು ತಡೆಯದು. ಕೇಬಲ್ಲಿನ ನೇರ ಮೇಲೆ ಅದು ಎತ್ತರದ ತಂತಿಯ ಕೆಳಗಿರುವುದಕ್ಕಿಂತ ಹೆಚ್ಚಾಗಿರಬಹುದು. ಆದರೆ ಕೆಲವೇ ಮಾರು ದೂರಕ್ಕೆ ಬೇಗನೆ ಕುಗ್ಗುತ್ತದೆ. ಕೊನೆಯದು ದುರಸ್ತಿ. ಕಂಬದ ಮೇಲಿನ ದೋಷ ಕಣ್ಣಿಗೆ ಕಾಣುತ್ತದೆ. ನೆಲದೊಳಗಿನದನ್ನು ಹುಡುಕಿ ಮತ್ತೆ ಅಗೆಯಬೇಕು.

ಇದಕ್ಕೆ ಪರಿಹಾರವಿಲ್ಲವೆ? ಧಾರಾಳವಾಗಿ ಉಂಟು. ಬುಡದ ಸುತ್ತಳತೆಯ ನಾಲ್ಕು ಪಟ್ಟು ದೂರದವರೆಗೆ ಅಗೆಯುವ ಯಂತ್ರವನ್ನು ತರಬಾರದು, ಅದರೊಳಗೆ ಕೈಯಿಂದಲೇ ಅಗೆಯಬೇಕು, ಒಂದು ಅಂಗುಲಕ್ಕಿಂತ ದಪ್ಪನೆಯ ಬೇರನ್ನು ಉಳಿಸಿಕೊಳ್ಳಬೇಕು ಎಂಬುದು ಬ್ರಿಟನ್ನಿನಲ್ಲಿ ಇಂಥ ಕೆಲಸದವರಿಗೆ ಹಾಕಿಕೊಟ್ಟ ಮಾರ್ಗಸೂಚಿ. ಜಾಗ ಇಕ್ಕಟ್ಟಾದರೆ ಬೇರುಗಳ ಅಡಿಯಲ್ಲಿ ಅಡ್ಡಲಾಗಿ ರಂಧ್ರ ಕೊರೆದು ಕೇಬಲ್ ತೂರಿಸುವ ವಿಧಾನವೂ ಇದೆ.

ನಾನು ಒಳಗೆ ಹೋಗಿ ನನ್ನಾಕೆಯ ಹೊಲಿಗೆಯ ಟೇಪು ತಂದು ಹೊಂಗೆಯನ್ನು ಅಳೆದೆ. ಐದಡಿಯ ಟೇಪು ಸರಿಯಾಗಿ ಒಂದು ಸುತ್ತು ಬಂದಿತು. ಅಂದರೆ ಇಪ್ಪತ್ತು ಅಡಿ! ಯಂತ್ರ ಬಂದಿದ್ದುದು ಎರಡು ಮೊಳಕ್ಕೆ. ರಾಯರು ಲೆಕ್ಕ ಕೇಳಿ, ಕೆಲಸದ ಮೇಸ್ತ್ರಿಯನ್ನು ಕರೆದರು. ಆತ ಒಳ್ಳೆಯವನು. “ಮರದ ವಿಷಯ ನನಗೆ ಯಾರೂ ಹೇಳಿಲ್ಲ ಸ್ವಾಮಿ. ಹೇಳಿದ್ದರೆ ಗುದ್ದಲಿಯಲ್ಲೇ ತೋಡಿಸುತ್ತಿದ್ದೆ” ಎಂದ. ಮುಂದಿನ ನಾಲ್ಕು ಮರಗಳ ಬಳಿ ಹಾಗೆಯೇ ಮಾಡಿಸಿದ ಕೂಡ.

ಆತ ಆಡಿದ ಮಾತಿನಲ್ಲಿಯೇ ಎಲ್ಲವೂ ಅಡಗಿದೆ. ಪರಿಸರದ ಮೇಲಿನ ಪರಿಣಾಮವನ್ನು ಅಳೆಯುವುದೆಂದರೆ ಕಚೇರಿಯ ಕಡತಕ್ಕೆ ಇನ್ನೊಂದು ಹಾಳೆ ಸೇರಿಸುವುದಲ್ಲ. ಅಗೆಯುವ ಮೊದಲು ನಕ್ಷೆ ಹಿಡಿದು ಬೀದಿಯಲ್ಲಿ ನಡೆದು, ಮರವೆಲ್ಲಿ, ಬಾವಿಯೆಲ್ಲಿ, ಕೆರೆಯ ಕಾಲುವೆಯೆಲ್ಲಿ ಎಂದು ಗುರುತಿಸಿ, ಗುದ್ದಲಿ ಹಿಡಿದವನಿಗೆ ಅದನ್ನು ತಿಳಿಸುವುದು.

ಕಾಲುವೆ ಈಗ ಮುಚ್ಚಿದೆ. ಬೀದಿ ಅಚ್ಚುಕಟ್ಟಾಗಿದೆ, ಆಕಾಶ ತೆರವಾಗಿದೆ. ಬೇರು ಕಳೆದುಕೊಂಡ ಮರದ ಸಂಕಟ ಒಡನೆಯೇ ಎಲೆಯಲ್ಲಿ ತೋರುವುದಿಲ್ಲ. ಒಂದೆರಡು ವರ್ಷ ಹಿಡಿಯಬಹುದು. ರಾಯರು ದಿನವೂ ಸಂಜೆ ಎರಡು ಬಿಂದಿಗೆ ನೀರು ಹೊಯ್ಯುತ್ತಾರೆ. ನಾನು ಚೈತ್ರದ ಚಿಗುರಿಗೆ ಕಾಯುತ್ತಿದ್ದೇನೆ.